ಮೂರನೆಯ ಬೆರಳು

ಪೆನ್ ಡ್ರೈವ್ ಪರ್ಸಿನಲ್ಲಿದೆಯೋ ಇಲ್ಲವೋ ಎಂದು, ಲಕ್ಷ್ಮೇಶ್ವರ ಬಿಟ್ಟ ಬಸ್ಸು ಮುಳಗುಂದ ಮುಟ್ಟುವಷ್ಟರಲ್ಲಿ, ಅಮೀರಾ ನಾಲ್ಕು ಸಲ ನೋಡಿಕೊಂಡಿದ್ದಳು. ನಾಲ್ಕು ಸಲವೂ ಇತ್ತು. ಕಿರುಬೆರಳಿನಷ್ಟು ಉದ್ದದ ಕಪ್ಪು ವಸ್ತು. ಕಳೆಯದಿರಲೆಂದು ಅದರ ತೂತಿಗೆ ಹಳೆಯ ರಿಬ್ಬನ್ನಿನ ಹಸಿರು ಚೂರು ಕಟ್ಟಿದ್ದಳು. ಇದೆ ಎಂದು ಗೊತ್ತಾದ ಮೇಲೂ ಸಮಾಧಾನವಾಗಲಿಲ್ಲ. ಹಾಗಾದರೆ ಮರೆತದ್ದು ಬೇರೇನೋ ಇರಬೇಕು ಎನಿಸಿತು. ಪ್ರವೇಶಪತ್ರ ಮುದಕಪ್ಪನ ಅಂಗಿಯ ಜೇಬಿನಲ್ಲಿತ್ತು. ಪರವಾನಗಿಯ ಪತ್ರ ತನ್ನ ಹತ್ತಿರವೇ ಇತ್ತು, ಪ್ಲಾಸ್ಟಿಕ್ ಹೊದಿಕೆಯೊಳಗೆ. ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದ ಮುದಕಪ್ಪನ ಹಿಂಗತ್ತು ಅವಳಿಗೆ ಕಾಣುತ್ತಿತ್ತು. ನಿನ್ನೆ ಕ್ಷೌರ ಮಾಡಿಸಿಕೊಂಡಿದ್ದ. ಕಾಲರಿನ ಒಳಗೆ ಪೌಡರಿನ ಬಿಳಿ ಉಳಿದಿತ್ತು. ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಳು. ಬಸ್ಸಿನ ತುಂಬ ಜನರ ಎದುರು ಕಣ್ಣಿಲ್ಲದವನಿಗೆ ಕತ್ತು ಒರೆಸಿಕೊಳ್ಳಿ ಎಂದರೆ ನೊಂದುಕೊಂಡಾನೆಂದು ಸುಮ್ಮನಾದಳು. ಸುಮ್ಮನಾದದ್ದು ಅವನ ಸಲುವಾಗಿಯೋ ತನ್ನ ಸಲುವಾಗಿಯೋ ಎಂಬ ಪ್ರಶ್ನೆ ಎದ್ದು, ಬಸ್ಸು ತಿರುವಿನಲ್ಲಿ ವಾಲಿದಾಗ ಅದೂ ಒಂದು ಕಡೆ ವಾಲಿ ಬಿತ್ತು.

"ಮುಳಗುಂದ ಬಂತಲ್ರಿ ಟೀಚರ?" ಮುದಕಪ್ಪ ತಿರುಗದೆಯೇ ಕೇಳಿದ.

"ಬಂತ್ರಿ ಅಣ್ಣಾರ."

"ನನಗ ಗೊತ್ತಾತು. ಇಲ್ಲೆ ಬಸ್ಸು ಹೊಳ್ಳಿದ ಕೂಡ್ಲೆ ಮಿರ್ಚಿ ಕರಿಯೂ ವಾಸನಿ ಬರತೈತಿ. ಮೂವತ್ತು ವರ್ಷ ಆತು, ಎಣ್ಣಿ ಬದಲಿ ಮಾಡಿಲ್ಲ ಮಕ್ಕಳು."

"ಬಾಯಿ ಮುಚ್ಚಿ ಕುಂಡ್ರೋ," ಎಂದಳು ಅಮೀರಾಳ ಪಕ್ಕ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡಿದ್ದ ಅವನ ಅಕ್ಕ ಗದಿಗೆವ್ವ. "ವಾಸನಿ ಎಣಸಾಕ ಹೊಂಟೀಯೋ ಪರೀಕ್ಷಾ ಬರಿಯಾಕ ಹೊಂಟೀಯೋ?"

ಮುದಕಪ್ಪ ನಕ್ಕ. ಅವನ ನಗೆ ಯಾವಾಗಲೂ ಸ್ವಲ್ಪ ಎಡಕ್ಕೆ, ಮಾತಾಡಿದವರು ಇದ್ದ ಕಡೆಗಿಂತ ಒಂದು ಗೇಣು ಆಚೆ ಹೋಗುತ್ತಿತ್ತು. ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಎದುರು ಹದಿನೇಳು ವರ್ಷ ಹಳದಿ ಬೋರ್ಡಿನ ಟೆಲಿಫೋನ್ ಬೂತು ನಡೆಸಿದವನು. ಊರಿನ ಎಲ್ಲ ಅಂಗಡಿಗಳ, ದವಾಖಾನೆಗಳ, ಧಾರಣೆ ಕೇಳಲು ಜನ ಫೋನು ಮಾಡುತ್ತಿದ್ದ ಅಡತಿ ಅಂಗಡಿಗಳ ನಂಬರುಗಳು ಅವನ ಬಾಯಲ್ಲಿದ್ದವು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬೂತು ಮುಚ್ಚಿತು, ನಂಬರುಗಳು ಹೋಗಲಿಲ್ಲ. ಈಗಲೂ ಸುಮ್ಮನೆ ಕೂತಾಗ ಅವನ ತುಟಿ ಆಡುತ್ತಿತ್ತು, ಯಾವ ತಂತಿಯೂ ಇಲ್ಲದ ಕಡೆಗೆ ಯಾರನ್ನೋ ಜೋಡಿಸುತ್ತಿರುವಂತೆ. ಮೊದಲ ಸಲ ಅವನು ಕಂಪ್ಯೂಟರ್ ಕ್ಲಾಸಿನ ಬಾಗಿಲಿಗೆ ಬಂದು, "ಇಲ್ಲೆ ಕಣ್ಣಿಲ್ಲದಾರಿಗೂ ಕಲಸ್ತೀರೇನ್ರಿ?" ಎಂದು ಕೇಳಿದಾಗ ಕ್ಲಾಸಿನ ಮಾಲೀಕ ಇನಾಯತ ಸರ್ ಅಮೀರಾಳ ಮುಖ ನೋಡಿದ್ದರು. ಇಲ್ಲ ಎನ್ನುವ ಕೆಲಸವನ್ನು ಅವಳಿಗೆ ಬಿಟ್ಟಿದ್ದರು. ಅವಳಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಅದು ಕರುಣೆಯಲ್ಲ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಇಲ್ಲ ಎಂದ ಮೇಲೆ ಎದುರಿನವರ ಮುಖದಲ್ಲಿ ಆಗುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ, ಅಷ್ಟೇ.

ಬೆರಳಚ್ಚುಗಾರರ ಹುದ್ದೆ. ಜಿಲ್ಲೆಯ ಯಾವುದೋ ಕಚೇರಿಯಲ್ಲಿ ಒಂದೇ ಒಂದು, ದೃಷ್ಟಿ ಇಲ್ಲದವರಿಗೆ ಮೀಸಲು. ಮುದಕಪ್ಪನಿಗೆ ನಲವತ್ತನಾಲ್ಕು ದಾಟಿತ್ತು. ವಿನಾಯಿತಿ ಎಲ್ಲ ಹಿಡಿದರೂ ಬರುವ ಶ್ರಾವಣಕ್ಕೆ ವಯಸ್ಸು ಮುಗಿಯುತ್ತಿತ್ತು. ಇದಾದ ಮೇಲೆ ಇನ್ನೊಂದು ಪರೀಕ್ಷೆ ಅವನ ಪಾಲಿಗಿಲ್ಲ. ಅಭ್ಯರ್ಥಿ ತನಗೆ ಬೇಕಾದ ಮಾತಾಡುವ ತಂತ್ರಾಂಶವನ್ನು ತಾನೇ ತರತಕ್ಕದ್ದು ಎಂದು ಕಚೇರಿಯಿಂದ ಉತ್ತರ ಬರಲು ಅಮೀರಾ ನಾಲ್ಕು ಅರ್ಜಿ ಬರೆದಿದ್ದಳು. ಮಾರುಕಟ್ಟೆಯಲ್ಲಿ ಸಿಗುವ ಮಾತಾಡುವ ಕಂಪ್ಯೂಟರು ಇಂಗ್ಲಿಷು ಮಾತಾಡುತ್ತಿತ್ತು. ಕನ್ನಡ ಓದುವ ದನಿಯೊಂದು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ, ಯಾರು ಬೇಕಾದರೂ ತೆಗೆದುಕೊಂಡು ತಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದು ಎಂದು ಎಲ್ಲೋ ಓದಿದ್ದಳು. ಕಟ್ಟಿಕೊಳ್ಳಬಹುದು ಎಂಬ ಆ ಒಂದು ಮಾತು ಅವಳನ್ನು ಐದು ತಿಂಗಳು ಹಿಡಿದಿಟ್ಟಿತು. ಕ್ಲಾಸಿನ ಮೂರನೇ ನಂಬರಿನ ಮಷೀನಿನ ಮುಂದೆ ಕೂತು, ಇಡೀ ವ್ಯವಸ್ಥೆಯನ್ನು ಇಳಿಸಿಕೊಂಡು, ಅದರೊಳಗಿನ ಆಟ, ಚಿತ್ರ, ಕ್ಯಾಲೆಂಡರು, ಹಾಡು ಕೇಳುವ ಸಲಕರಣೆ ಎಲ್ಲವನ್ನೂ ಒಂದೊಂದಾಗಿ ಕಿತ್ತುಹಾಕಿದಳು, ಮದುವೆ ಮುಗಿದ ಮನೆಯಿಂದ ಬಾಡಿಗೆ ಸಾಮಾನು ಸಾಗಿಸುವವರಂತೆ. ಉಳಿದದ್ದು ಬರೆಯುವ ಒಂದು ಹಾಳೆ, ಕನ್ನಡದ ಕೀಲಿಮಣೆ, ಓದುವ ದನಿ. ಪೆನ್ ಡ್ರೈವ್ ಚುಚ್ಚಿ ಯಾವ ಕಂಪ್ಯೂಟರನ್ನು ಚಾಲೂ ಮಾಡಿದರೂ ಒಳಗಿನದನ್ನು ಮುಟ್ಟದೆ ಇದೇ ಏಳಬೇಕು, ನೇರ ಹಾಳೆ ತೆರೆಯಬೇಕು, ದನಿ ಬಂದು ನಮಸ್ಕಾರ ಹೇಳಬೇಕು. ಒಂದು ಸಲ ಕಟ್ಟಲು ಮುಕ್ಕಾಲು ತಾಸು ಹಿಡಿಯುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಸಿಕ್ಕು ಬಿಡಿಸಲಾಗದೆ ಒಮ್ಮೆ ಅಂತರ್ಜಾಲದ ಚರ್ಚಾಕೂಟವೊಂದರಲ್ಲಿ ತನಗೆ ಬಂದ ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದಿದ್ದಳು; ಯಾವ ದೇಶದವನೋ ಒಬ್ಬ, ಮೊದಲು ಕೈಪಿಡಿ ಓದು ಎಂದು ಒಂದೇ ಸಾಲು ಬರೆದಿದ್ದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಮುಖಕ್ಕೆ ರಕ್ತ ನುಗ್ಗಿ ಅವಳು ಪರದೆಯನ್ನು ಮುಚ್ಚಿ ಎದ್ದು ಹೋಗಿ ನೀರು ಕುಡಿದಿದ್ದಳು.

ಗದಗಿನಲ್ಲಿ ಇಳಿದು ಆಟೋ ಹಿಡಿದು ಬೆಟಗೇರಿಗೆ ಹೋದರು. ಪರೀಕ್ಷೆ ಇದ್ದದ್ದು ಖಾಸಗಿ ಕಾಲೇಜೊಂದರ ಎರಡನೇ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ. ಕೆಳಗಿನ ಓಣಿಯಲ್ಲಿ ಇನ್ನೂ ಮಗ್ಗಗಳು ನಡೆಯುತ್ತಿದ್ದವು. ಸೀರೆ ನೇಯುವ ಆ ಖಟಖಟ ಮೆಟ್ಟಿಲು ಹತ್ತಿ ಬಂದು ಪಡಸಾಲೆಯ ತುಂಬ ನಿಂತಿತ್ತು. ಮುದಕಪ್ಪ ಒಂದು ಗಳಿಗೆ ನಿಂತು ಕೇಳಿಸಿಕೊಂಡ. "ನಾಲ್ಕು ಮಗ್ಗ," ಎಂದ. "ಒಂದರ ಲಾಳಿ ಸಡಲಾಗೈತಿ." ಉಳಿದ ಅಭ್ಯರ್ಥಿಗಳ ಪರೀಕ್ಷೆ ಮುಗಿದಿತ್ತು. ಅವನಿಗೆ ಮಾತ್ರ ಹನ್ನೆರಡಕ್ಕೆ, ಹದಿನೈದು ನಿಮಿಷ. ಬಾಗಿಲಲ್ಲಿ ನಿಂತಿದ್ದ ಹೆಂಗಸು ತಿರುಗಿದಾಗ ಅಮೀರಾಳ ಕಾಲು ಅಲ್ಲೇ ನಿಂತಿತು. ಸ್ನೇಹಾ. ಡಿಪ್ಲೊಮಾದಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳು. ಗಂಜಿ ಹಾಕಿದ ಕಾಟನ್ ಸೀರೆ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ.

"ಅಯ್ಯ, ಅಮೀರಾ! ನೀ ಇಲ್ಲೆ? ಈ ಲ್ಯಾಬ್ ನಂದಲೇ ಈಗ. ನೀ ಇನ್ನೂ ಅಲ್ಲೇ ಅದೀ ಏನ, ಲಕ್ಷ್ಮೇಶ್ವರದ ಕ್ಲಾಸಿನ್ಯಾಗ?"

"ಹೂಂ. ಅಲ್ಲೇ."

"ಮತ್ತ ಇದು ನೀನ ಮಾಡಿದ್ದಾ?" ಸ್ನೇಹಾ ಹಸಿರು ರಿಬ್ಬನ್ನಿನ ತುದಿ ಹಿಡಿದು ಪೆನ್ ಡ್ರೈವನ್ನು ಎತ್ತಿ ನೋಡಿದಳು, ಇಲಿಯ ಬಾಲ ಹಿಡಿದಂತೆ. "ಲಿನಕ್ಸಾ? ನಮ್ಮ ಮಷೀನು ಹೊಸಾವು ನೋಡು. ಹೆಂಗ ಮಾಡತಾವೋ."

"ಎಲ್ಲಾದರಾಗೂ ಏಳತೈತಿ," ಎಂದಳು ಅಮೀರಾ. ಎಲ್ಲದರಲ್ಲೂ ಏಳುತ್ತದೆಂದು ಅವಳಿಗೆ ಹೇಗೆ ಗೊತ್ತು? ಮೂರನೇ ನಂಬರಿನ ಮಷೀನೊಂದನ್ನು ಬಿಟ್ಟು ಬೇರೆ ಎಲ್ಲಿಯೂ ಅವಳು ಚುಚ್ಚಿ ನೋಡಿರಲಿಲ್ಲ. ನೋಡಬೇಕೆಂದು ಮೊನ್ನೆ ಸಂಜೆ ಇಟ್ಟುಕೊಂಡಿದ್ದಳು. ಆ ಸಂಜೆ ಬೇರೊಂದು ಕೆಲಸ ಹೊಳೆದುಬಿಟ್ಟಿತು. ಮೊದಲು ನಮಸ್ಕಾರ ಹೇಳುವುದು ಯಂತ್ರದ ದನಿ ಏಕಾಗಬೇಕು? ಮೈಕಿನ ಮುಂದೆ ಬಾಗಿಲು ಹಾಕಿಕೊಂಡು ಕೂತು, "ನಮಸ್ಕಾರ, ಹಾಳೆ ಸಿದ್ಧವಾಗಿದೆ, ಬರೆಯಿರಿ" ಎಂಬ ಮೂರು ಮಾತನ್ನು ಇಪ್ಪತ್ತು ಸಲ ಹೇಳಿದ್ದಳು. ಇಪ್ಪತ್ತು ಸಲವೂ ಕೇಳಿಸಿಕೊಂಡಿದ್ದಳು. ಹದಿನೇಳನೆಯದು ಚೆನ್ನಾಗಿತ್ತು. ಮರುದಿನ ಮುದಕಪ್ಪನಿಗೆ ಕೇಳಿಸಿದಾಗ ಅವನು ಕೈ ಜೋಡಿಸಿ, "ಇನ್ನ ನನಗ ಹೆದರಿಕಿ ಇಲ್ಲ ಬಿಡ್ರಿ, ನೀವ ಒಳಗ ಇರತೀರಿ," ಎಂದಿದ್ದ. ಅದನ್ನು ಮನೆಯಲ್ಲಿ ಗದಿಗೆವ್ವನಿಗೂ ಹೇಳಿದ್ದನಂತೆ.

ಜೊತೆಗೆ ಬಂದವರು ಒಳಗೆ ಬರುವಂತಿಲ್ಲ. ಪರೀಕ್ಷೆಯ ಮೇಲ್ವಿಚಾರಕರು ಪುಂಡಲೀಕಪ್ಪ ಎಂಬ ದಪ್ಪ ಕನ್ನಡಕದ ಮನುಷ್ಯ. ಮುದಕಪ್ಪನ ಭುಜ ಹಿಡಿದು ತಾವೇ ಕುರ್ಚಿಯವರೆಗೆ ಕರೆದೊಯ್ದರು. ಗಟ್ಟಿ ದನಿಯಲ್ಲಿ ಓದಿ ಹೇಳಿದ್ದನ್ನು ಬರೆಯಬೇಕು, ಉಳಿಸಬೇಕು, ಅಷ್ಟೇ ಎಂದರು. ಸ್ನೇಹಾ ಚುಚ್ಚಿ ಚಾಲೂ ಮಾಡಿದಳು. ಬಾಗಿಲು ಮುಚ್ಚಿತು. ಅಮೀರಾ ಪಡಸಾಲೆಯ ಗಾಜಿನ ಕಿಟಕಿಗೆ ಬಂದು ನಿಂತಳು. ಅಲ್ಲಿಂದ ಮುದಕಪ್ಪನ ಬೆನ್ನು, ಪೌಡರಿನ ಕತ್ತು, ಅವನ ಹೆಗಲಿನ ಮೇಲಿಂದ ಪರದೆ ಕಾಣುತ್ತಿದ್ದವು. ಪರದೆ ಕಪ್ಪಾಯಿತು. ಬಿಳಿ ಅಕ್ಷರದ ಸಾಲುಗಳು ಸರಸರನೆ ಏರಿದವು. ಆಮೇಲೆ ಇಡೀ ಪರದೆ ಹಳದಿಯಾಯಿತು. ಅವಳೇ ಆರಿಸಿದ್ದ ಅರಿಶಿನದ ಹಳದಿ. ನೋಡಲಾರದ ಮನುಷ್ಯನ ಪರದೆಗೆ ಬಣ್ಣ ಆರಿಸಲು ಎರಡು ದಿನ ಕಳೆದಿದ್ದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಅವಳ ಹೆಸರು. ನಡುವೆ ಬಿಳಿಯ ಹಾಳೆ ತೆರೆದುಕೊಂಡಿತು, ಅದರ ತಲೆಯಲ್ಲಿ ಕಪ್ಪು ಗೆರೆಯೊಂದು ಮಿನುಗತೊಡಗಿತು. ಎದ್ದಿತು. ಪರರ ಊರಿನ ಪರರ ಮಷೀನಿನಲ್ಲಿ ಎದ್ದು ನಿಂತಿತು. ಈಗ ತನ್ನ ದನಿ ಆ ಕೋಣೆಯಲ್ಲಿ ಮಾತಾಡುತ್ತಿದೆ, ಸ್ನೇಹಾ ಕೇಳುತ್ತಿದ್ದಾಳೆ ಎಂದುಕೊಂಡಾಗ ನಾಚಿಕೆಯಾಗಿ, ನಾಚಿಕೆಯ ಜೊತೆ ಖುಷಿಯೂ ಆಗಿ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಗಾಜು ದಪ್ಪವಾಗಿತ್ತು, ಈ ಕಡೆ ಮಗ್ಗಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಏನ ಮಾಡಾಕತ್ಯಾನ?" ಗೋಡೆಗೆ ಆತು ಕೂತಿದ್ದ ಗದಿಗೆವ್ವ ಕೇಳಿದಳು.

"ಚಾಲೂ ಆತ್ರಿ ಅಕ್ಕಾರ. ಇನ್ನ ಬರಿತಾರ."

ಮುದಕಪ್ಪ ಬರೆಯಲಿಲ್ಲ. ಎರಡೂ ಕೈ ಕೀಲಿಮಣೆಯ ಮೇಲೆ ಸರಿಯಾದ ಜಾಗದಲ್ಲಿದ್ದವು, ಬೆರಳುಗಳು ಬಾಗಿ ನಿಂತಿದ್ದವು. ತಲೆ ಸ್ವಲ್ಪ ಎಡಕ್ಕೆ ವಾಲಿತ್ತು, ಬೂತಿನಲ್ಲಿ ಆಚೆ ಕಡೆಯವರು ಫೋನು ಎತ್ತುವುದನ್ನು ಕಾಯುತ್ತಿದ್ದ ಹಾಗೆ. ಪುಂಡಲೀಕಪ್ಪ ಏನೋ ಓದಿದರು, ನಿಲ್ಲಿಸಿದರು. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಹೋಗಿತ್ತು. ಮುದಕಪ್ಪನ ತುಟಿ ಆಡಿತು. ಸ್ನೇಹಾ ಬಗ್ಗಿ ಸ್ಪೀಕರಿನ ವಾಯರು ಮುಟ್ಟಿದಳು, ತೆಗೆದು ಹಾಕಿದಳು, ಹುಬ್ಬು ಏರಿಸಿದಳು. ಮಷೀನನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ಮತ್ತೆ ಕಪ್ಪು, ಮತ್ತೆ ಸಾಲುಗಳು, ಮತ್ತೆ ಹಳದಿ. ಮತ್ತೆ ಅದೇ ಕೈ, ಅದೇ ವಾಲಿದ ತಲೆ. ಆಗ ಬಾಗಿಲು ತೆರೆಯಿತು.

"ಅಮೀರಾ, ದನಿ ಬರವಲ್ದಲೇ," ಎಂದಳು ಸ್ನೇಹಾ. "ನಮ್ಮ ಸ್ಪೀಕರ್ ಛಲೋ ಅದಾವು, ಮುಂಜಾನಿ ಪ್ರಾರ್ಥನಾ ಹಾಕಿದ್ವಿ."

ಅವಳ ಹಿಂದೆ ಪುಂಡಲೀಕಪ್ಪ ಬಂದು ನಿಂತರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, ಮೆಲ್ಲಗೆ, "ನೋಡವಾ," ಎಂದರು. "ಒಳಗ ನಿನ್ನ ಬಿಡಾಕ ನನಗ ಬರಂಗಿಲ್ಲ. ಆದ್ರ ಏನ ಒತ್ತಬೇಕು, ಎಲ್ಲೆ ಒತ್ತಬೇಕು, ಇಲ್ಲೆ ನಿಂತ ಹೇಳು. ನಾ ಹೋಗಿ ಒತ್ತತೀನಿ. ಪಾಪ, ಮನಶ್ಯಾ ಕಾಯಾಕತ್ಯಾನ. ಏನರೆ ಹೇಳೂದೈತೇನು?"

ಒಳಗಿನಿಂದ ಮುದಕಪ್ಪ ದನಿ ಬಂದ ಕಡೆಗೆ, ಅದಕ್ಕಿಂತ ಒಂದು ಗೇಣು ಎಡಕ್ಕೆ, ಮುಖ ತಿರುಗಿಸಿದ. "ಟೀಚರ?" ಎಂದ.

ಅವಳ ತಲೆಯೊಳಗೆ ಏನೂ ಇರಲಿಲ್ಲ. ಐದು ತಿಂಗಳು ಕಟ್ಟಿದ್ದು, ಕಿತ್ತದ್ದು, ಕೈಪಿಡಿಯಲ್ಲಿ ಓದಿದ್ದು ಎಲ್ಲ ತೊಳೆದು ಬಗ್ಗಿಸಿಟ್ಟ ಕೊಡದಂತೆ ಖಾಲಿಯಾಗಿತ್ತು. ಸ್ನೇಹಾಳ ಗುರುತಿನ ಚೀಟಿಯ ಮೇಲಿನ ಫೋಟೋದಲ್ಲಿ ಅವಳು ನಗುತ್ತಿದ್ದುದು ಮಾತ್ರ ಕಾಣುತ್ತಿತ್ತು. "ಇಲ್ರಿ," ಎಂದಳು ಅಮೀರಾ. ತನ್ನ ದನಿ ಅಷ್ಟು ಸ್ಥಿರವಾಗಿ ಬಂದದ್ದು ಅವಳಿಗೇ ಅಚ್ಚರಿಯಾಯಿತು. "ಅದರಾಗ ಎಲ್ಲಾ ಸರಿ ಐತ್ರಿ."

ಪುಂಡಲೀಕಪ್ಪ ತಲೆ ಆಡಿಸಿ ಕನ್ನಡಕ ಹಾಕಿಕೊಂಡರು. ಬಾಗಿಲು ಮುಚ್ಚಿತು.

"ಏನಂತವ್ವಾ?" ಎಂದಳು ಗದಿಗೆವ್ವ.

"ಏನಿಲ್ಲ. ಸ್ಪೀಕರ್ ನೋಡಾಕತ್ಯಾರ."

"ಅಲ್ಲಿ ಮಂದಿ ಹೆಂಗೋ ಏನೋ. ನಿಮ್ಮಲ್ಲೆ ಅಂದ್ರ ನೀ ದಿನಾ ಅಂವಾ ಬರೂದರಾಗ ಚಾಲೂ ಮಾಡಿ ಇಡತಿದ್ದೆಂತಲ್ಲ. ಮನ್ಯಾಗ ಹೇಳೂದ ಹೇಳೂದು. ಟೀಚರು ನನಗ ಒಂದ ಮಿನಿಟ ಕಾಯಸಂಗಿಲ್ಲ, ನಾ ಕುರ್ಚಿಗೆ ಕುಂಡ್ರೂದ ತಡಾ, ಮಷೀನು ಮಾತಾಡತೈತಿ ಅಂತ. ಹುಟ್ಟಿದಾಗಿಂದ ಎಲ್ಲಾ ಕಡೆ ಕಾದಾಂವ ನೋಡವ್ವಾ ಅಂವಾ. ಯಾರೂ ಹಂಗ ಮಾಡಿದ್ದಿಲ್ಲ."

ಆಗ ಗೊತ್ತಾಯಿತು. ಮಗ್ಗಗಳ ಸದ್ದು ಒಂದು ಗಳಿಗೆ ನಿಂತಂತಾಗಿ ಮತ್ತೆ ಶುರುವಾಯಿತು. ಪ್ರತಿದಿನ ಮುಂಜಾನೆ ಹತ್ತಕ್ಕೆ ಮುದಕಪ್ಪನ ಕೋಲಿನ ಸಪ್ಪಳ ಬೀದಿಯ ತುದಿಯಲ್ಲಿ ಕೇಳಿದ ಕೂಡಲೇ ಅವಳು ಮೂರನೇ ಮಷೀನಿನಲ್ಲಿ ಪೆನ್ ಡ್ರೈವ್ ಚುಚ್ಚಿ ಚಾಲೂ ಮಾಡುತ್ತಿದ್ದಳು. ಹಳದಿ ಬಂದ ಮೇಲೆ ಕೀಲಿಮಣೆಯ ಬಲಮೂಲೆಗೆ, ಸ್ಪೀಕರಿನ ಚಿತ್ರವಿದ್ದ ಸಣ್ಣ ಕೀಲಿಯ ಮೇಲೆ ಬೆರಳು ಇಡುತ್ತಿದ್ದಳು. ಆ ವ್ಯವಸ್ಥೆ ಎದ್ದಾಗಲೆಲ್ಲ ಮೂಕವಾಗಿಯೇ ಏಳುತ್ತಿತ್ತು. ಆ ಕೀಲಿ ಒತ್ತಿದರೆ ಬಾಯಿ ಬಿಡುತ್ತಿತ್ತು. ಅದನ್ನು ಒಮ್ಮೆ ಒಳಗೇ ಬರೆದಿಟ್ಟು ಕಟ್ಟಿದ್ದರೆ ಮುಗಿಯುತ್ತಿತ್ತು. ಎರಡು ಸಾಲಿನ ಕೆಲಸ. ಮೊದಲ ದಿನ ನಾಳೆ ಬರೆಯೋಣ ಎಂದುಕೊಂಡಿದ್ದಳು. ಆಮೇಲೆ ಅದು, ಮನೆ ಬಾಗಿಲು ತೆರೆದ ಕೂಡಲೇ ಕೈ ತಾನೇ ಹೋಗಿ ದೀಪದ ಗುಂಡಿ ಒತ್ತುವಂತೆ, ಬೆರಳಿಗೆ ಮಾತ್ರ ಗೊತ್ತಿರುವ ಕೆಲಸವಾಗಿ ಹೋಯಿತು. ಮುದಕಪ್ಪ ಬಂದು ಕೂರುವಷ್ಟರಲ್ಲಿ ದನಿ ಬಂದಿರುತ್ತಿತ್ತು. ಒಂದೇ ಒಂದು ದಿನ ಅವನನ್ನು ಕಾಯಿಸಿದ್ದರೆ, ಒಂದೇ ಒಂದು ದಿನ ನೀವೇ ಚಾಲೂ ಮಾಡ್ರಿ ಎಂದಿದ್ದರೆ, ಅವತ್ತೇ ಸಿಕ್ಕುಬೀಳುತ್ತಿತ್ತು. ಆ ಕೀಲಿ ಅಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಇಲ್ಲಿಯೂ ಇತ್ತು. ಗಾಜಿನೊಳಗಿಂದ ಕಾಣುತ್ತಿತ್ತು, ಅಂಕಿಗಳ ಸಾಲಿನ ಮೇಲೆ, ಅವನ ಬಲಗೈಯ ಕಿರುಬೆರಳಿನಿಂದ ನಾಲ್ಕು ಬೆರಳಗಲ ಆಚೆ. ಗಡಿಯಾರದಲ್ಲಿ ಇನ್ನೂ ಎಂಟು ನಿಮಿಷವಿತ್ತು.

ಅವಳು ಕೈ ಎತ್ತಿದಳು. ಬೆರಳಿನ ಗೆಣ್ಣು ಗಾಜಿಗೆ ಎರಡು ಇಂಚು ದೂರದಲ್ಲಿ ನಿಂತಿತು. ಬಡಿದರೆ ಸಾಕು; ಪುಂಡಲೀಕಪ್ಪ ಎದ್ದು ಬರುತ್ತಾರೆ. ಬಲಮೂಲೆಯ ಕೀಲಿ ಎಂದರೆ ಸಾಕು. ದೊಡ್ಡದೇನಾದರೂ ಆಗಿದ್ದರೆ, ಉದ್ದನೆಯ ಇಂಗ್ಲಿಷ್ ಹೆಸರಿನ ತೊಡಕಾಗಿದ್ದರೆ, ಅವಳು ಖಂಡಿತ ಬಡಿಯುತ್ತಿದ್ದಳು. ಇದು ಇಷ್ಟು ಸಣ್ಣದು. ಟಿವಿ ಹಚ್ಚುವ ಮಕ್ಕಳೂ ಒತ್ತುವಂಥದ್ದು. ಎಲ್ಲಾ ಸರಿ ಐತ್ರಿ ಎಂದು ಈಗಷ್ಟೇ ಹೇಳಿದ ಬಾಯಿಂದ ಇದನ್ನು ಹೇಳುವುದು ಹೇಗೆ? ಆಗ ಒಳಗೆ ಸ್ನೇಹಾ ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು. ಕಣ್ಣಿಗೆ ಕಣ್ಣು ಕೂಡಿತು. ಅಮೀರಾಳ ಎತ್ತಿದ ಕೈ ತಾನಾಗಿ ಹಿಂದೆ ಸರಿದು ತಲೆಯ ಮೇಲಿನ ಸೆರಗನ್ನು ಸರಿಪಡಿಸಿತು.

ಮುದಕಪ್ಪ ಈಗ ಬೆರಳು ಆಡಿಸತೊಡಗಿದ್ದ. ನಡುವೆ ದನಿ ಕಡಿದುಹೋದರೆ ಎಬ್ಬಿಸಲು ಅವಳು ಹೇಳಿಕೊಟ್ಟಿದ್ದ ಮೂರು ಕೀಲಿಗಳು: ಎಡಗೈ ಕಿರುಬೆರಳು, ಎಡಗೈ ಹೆಬ್ಬೆರಳು, ಮೂರನೆಯದು ಬಲಗೈ ತೋರುಬೆರಳು, ಮೂರೂ ಕೂಡಿ ಒತ್ತಿ ಒಟ್ಟಿಗೆ ಬಿಡುವುದು. ಅವನು ಒತ್ತಿದ, ಬಿಟ್ಟ, ತಲೆ ವಾಲಿಸಿ ಕೇಳಿದ. ಪರದೆಯ ಮೂಲೆಯಲ್ಲಿ ಸಣ್ಣ ಗುರುತೊಂದು ಮಿನುಗಿ ಹೋಯಿತು. ಅದರ ಅರ್ಥ ಅವಳಿಗೆ ಗೊತ್ತಿತ್ತು: ದನಿ ಎದ್ದಿದೆ, ಮಾತಾಡುತ್ತಿದೆ. ಹದಿನೇಳನೇ ಸಲದ ಅವಳ ಚೆಂದದ ನಮಸ್ಕಾರ ಆ ಪೆಟ್ಟಿಗೆಯೊಳಗೆ ಎದ್ದು ಯಾರಿಗೂ ಕೇಳದೆ ಸಾಯುತ್ತಿತ್ತು. ಅವನು ಮತ್ತೆ ಒತ್ತಿದ. ಮತ್ತೆ. ಅವಳು ಎಣಿಸತೊಡಗಿದ್ದಳು, ಬೇರೇನು ಮಾಡಬೇಕೋ ಗೊತ್ತಾಗದೆ ಎಣಿಸಿದಳು. ಚಿಕ್ಕಂದಿನಲ್ಲಿ ಅವಳ ನಾನಿ, ತಾಯಿಯ ತಾಯಿ ಫಕೀರಬಿ, ಕೌದಿ ಹೊಲಿಯುತ್ತಿದ್ದಳು, ಹಳೆಯ ಸೀರೆ ಲುಂಗಿಗಳ ಪದರು ಹಾಕಿ, ಕಣ್ಣಿಗೆ ಪೊರೆ ಬಂದ ಮೇಲೂ ಬೆರಳಿನ ಅಂದಾಜಿನಲ್ಲಿ. ಸೂಜಿಗೆ ದಾರ ಪೋಣಿಸಿ ಕೊಡುವುದು ಅಮೀರಾಳ ಕೆಲಸವಾಗಿತ್ತು. ಒಂದು ಮಧ್ಯಾಹ್ನ ದಾರ ಜಾರಿ ಬಿದ್ದಿತ್ತು. ನಾನಿಗೆ ತಿಳಿಯಲಿಲ್ಲ. ಖಾಲಿ ಸೂಜಿಯಲ್ಲಿ ಚುಚ್ಚಿ ಎಳೆದು, ಚುಚ್ಚಿ ಎಳೆದು, ಒಂದು ಮೊಳ ಹೊಲಿದಳು, ನಡುವೆ ಕೈಯಿಂದ ಸವರಿ ಗೆರೆ ನೆಟ್ಟಗಿದೆಯೇ ನೋಡಿದಳು. ಅಮೀರಾ ಎದುರಿಗೇ ಕೂತಿದ್ದಳು. ಮೊದಲು ನಗು ಬಂತು. ಆಮೇಲೆ ಹೇಳಬೇಕೆನಿಸಿದಾಗ, ಮೊದಲೇ ಏಕೆ ಹೇಳಲಿಲ್ಲ ಎಂದರೆ ಏನೆನ್ನುವುದು ಎಂದು ಸುಮ್ಮನಾದಳು. ಸುಮ್ಮನಿದ್ದಷ್ಟೂ ಹೊಲಿಗೆ ಉದ್ದವಾಯಿತು, ಹೊಲಿಗೆ ಉದ್ದವಾದಷ್ಟೂ ಹೇಳುವುದು ಕಷ್ಟವಾಯಿತು. ಒಂಬತ್ತು. ಹತ್ತು. ಹನ್ನೊಂದು.

"ಬರಿಯಾಕತ್ಯಾನೇನವ್ವಾ?"

"ಹೂಂ ಅಕ್ಕಾರ. ಬರಿಯಾಕತ್ಯಾರ."

"ಬೆರಳು ಛಲೋ ಓಡತಾವ ಅಂವಂದು," ಎಂದು ಗದಿಗೆವ್ವ ಬುತ್ತಿಯ ಗಂಟು ಸಡಿಲಿಸಿ, ರೊಟ್ಟಿ ಮುರಿದಿಲ್ಲವಷ್ಟೇ ಎಂದು ಮುಟ್ಟಿ ನೋಡಿ, ಮತ್ತೆ ಕಟ್ಟಿದಳು. "ಕೆಲಸ ಆತಂದ್ರ ನಿನಗ ಒಂದ ಇಳಕಲ್ಲ ಸೀರಿ ನೋಡು. ನನ್ನ ಮಾತು."

ಗಡಿಯಾರದ ಮುಳ್ಳು ಬಂದು ಮುಟ್ಟಿತು. ಪುಂಡಲೀಕಪ್ಪ ಮುದಕಪ್ಪನ ಭುಜದ ಮೇಲೆ ಕೈ ಇಟ್ಟರು. ಬಾಗಿಲು ತೆರೆದಾಗ ಒಳಗಿನ ಮಾತು ಪಡಸಾಲೆಗೆ ಬಂತು.

"ಹಾಳಿ ಖಾಲಿ ಐತ್ರಿ. ನಾ ಏನಂತ ಬರೀಲಿ ಇದರಾಗ?" ಪುಂಡಲೀಕಪ್ಪ ಕೇಳಿದರು.

"ಖಾಲಿ ಅಂತ ಬರೀರಿ ಸಾಹೇಬ್ರ," ಎಂದ ಮುದಕಪ್ಪ.

"ದನಿ ಇರಲಿಕ್ರೂ ಸುಮ್ಮ ಬರದ ಬಿಟ್ಟಿದ್ರ ಆಗತಿತ್ತಲ್ಲೋ ಮಾರಾಯಾ. ಹಾಳಿ ಮೊದಲಿಂದನೂ ತೆರದ ಇತ್ತು."

ಸಹಿ ಮಾಡಲು ಬಗ್ಗಿದ್ದ ಮುದಕಪ್ಪ ತಲೆ ಎತ್ತಿದ. "ತೆರದಿತ್ತೇನ್ರಿ?" ಎಂದ. ಸ್ವಲ್ಪ ಹೊತ್ತು ಪೆನ್ನು ಹಾಳೆಯ ಮೇಲೆ ಹಾಗೆಯೇ ನಿಂತಿತ್ತು. "ದನಿ ಬರೂತನ ಕೈ ಹಚ್ಚಬಾರದು ಅಂತ ನಮ್ಮ ಟೀಚರ ಹೇಳಿದ್ರು."

ಸ್ನೇಹಾ ಪೆನ್ ಡ್ರೈವನ್ನು ಅಮೀರಾಳ ಅಂಗೈಗೆ ಇಟ್ಟು, ಬೆರಳುಗಳನ್ನು ತಾನೇ ಮಡಿಸಿ ಮುಚ್ಚಿದಳು. ಪ್ರೀತಿಯಿಂದಲೇ ಮಾಡಿದಳು. "ಮುಂದಿನ ಸಲ ಎರಡ ಮಷೀನಿನ್ಯಾಗ ಹಚ್ಚಿ ನೋಡಿ ತಗೊಂಡ ಬಾ," ಎಂದು ಕಿವಿಯ ಹತ್ತಿರ ಹೇಳಿದಳು. ಮುಂದಿನ ಸಲ ಇಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಅಮೀರಾ ಹೂಂ ಎಂದಳು.

ಕಾಲೇಜಿನ ಬೇವಿನ ಮರದ ಕೆಳಗೆ ಕೂತು ರೊಟ್ಟಿ ತಿಂದರು. ಗದಿಗೆವ್ವನಿಗೆ ಮುದಕಪ್ಪನೇ ಹೇಳಿದ: ಆಗಲಿಲ್ಲ ಬಿಡಕ್ಕಾ, ಮಷೀನು ಬಾಯಿ ಬಿಡಲಿಲ್ಲ. ಅವಳು ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದುಕೊಂಡು ಅಮೀರಾಳನ್ನು ನೋಡಿದಳು. ಸಿಟ್ಟಿನಿಂದಲ್ಲ, ಬರೆಯುತ್ತಿದ್ದಾನೆ ಎಂದು ಈಕೆ ಹೇಳಿದ್ದು ಹೇಗೆ ಎಂದು ಅರ್ಥಮಾಡಿಕೊಳ್ಳಲು ನೋಡಿದಳು. ಅರ್ಥವಾಗದೆ, ಕಂಪ್ಯೂಟರಿನ ಮಾತು ತನಗೆ ತಿಳಿಯುವಂಥದ್ದಲ್ಲ ಎಂದುಕೊಂಡಿರಬೇಕು, ಅಮೀರಾಳ ಎಲೆಗೆ ಇನ್ನೊಂದು ಚಮಚ ಗುರೆಳ್ಳು ಚಟ್ನಿ ಹಾಕಿದಳು. ತಿನ್ನಲೇಬೇಕಾಯಿತು. ಈಗ ಹೇಳಬೇಕು ಎಂದು ಅಮೀರಾ ಪ್ರತಿ ತುತ್ತಿಗೂ ಅಂದುಕೊಂಡಳು. ಕೈ ತೊಳೆದ ಮೇಲೆ ಹೇಳಬೇಕು. ಬಸ್ ಸ್ಟ್ಯಾಂಡಿನಲ್ಲಿ ಹೇಳಬೇಕು.

ಹಿಂತಿರುಗುವ ಬಸ್ಸು ತುಂಬಿತ್ತು. ಗದಿಗೆವ್ವನಿಗೆ ಮುಂದೆಲ್ಲೋ ಸೀಟು ಸಿಕ್ಕಿತು. ಹಿಂದಿನ ಸಾಲಿನಲ್ಲಿ ಮುದಕಪ್ಪ ಕಿಟಕಿಗೆ, ಪಕ್ಕದಲ್ಲಿ ಅಮೀರಾ. ಗದಗು ದಾಟುವವರೆಗೆ ಅವನ ತುಟಿ ಆಡುತ್ತಿರಲಿಲ್ಲ, ನಂಬರುಗಳು ನಿಂತಿದ್ದವು. ಹೊರಗೆ ಕಪ್ಪು ನೆಲ ಬಿಸಿಲಿಗೆ ಬಿರಿದು ಬಿದ್ದಿತ್ತು.

"ಟೀಚರ," ಎಂದ. "ನಿಮಗ ಕೆಟ್ಟ ಅನಿಸಿರಬೇಕು."

"ಇಲ್ರಿ ಅಣ್ಣಾರ."

"ಐದ ತಿಂಗಳು ಕುಂತ ಮಾಡಿದ್ರಿ. ನಿಮ್ಮ ಸಾಮಾನಿನ್ಯಾಗ ಎಲ್ಲಾ ಸರಿ ಐತಿ ಅಂದದ್ದು ನನಗ ಒಳಗ ಕೇಳಿಸ್ತು. ಹಂಗಾದ್ರ ತಪ್ಪು ನಂದ. ನಾನ ಏನೋ ತಪ್ಪ ಒತ್ತೀನಿ." ಅವನು ಎರಡೂ ಕೈಗಳನ್ನು ಎದುರು ಸೀಟಿನ ಹಿಂಬದಿಯ ತಗಡಿನ ಮೇಲೆ ಚಾಚಿದ. "ನೋಡ್ರಿ, ಮಾಡಿ ತೋರಸ್ತೀನಿ. ಎಲ್ಲೆ ತಪ್ಪಿತು, ಹೇಳ್ರಿ. ಇನ್ನ ಪರೀಕ್ಷಾ ಇಲ್ಲ, ನನಗ ಗೊತ್ತೈತಿ. ಆದ್ರೂ ಗೊತ್ತಾಗಬೇಕಲ್ರಿ. ಗೊತ್ತಾಗಲಿಲ್ಲಂದ್ರ ಮನಶ್ಯಾ ಹೆಂಗ ಮಲಗಬೇಕು?"

ಎಡಗೈ ಕಿರುಬೆರಳು ಇಳಿಯಿತು, ಎಡಗೈ ಹೆಬ್ಬೆರಳು ಇಳಿಯಿತು, ಬಲಗೈ ತೋರುಬೆರಳು ಇಳಿಯಿತು. ಮೂರೂ ಒಟ್ಟಿಗೆ ಎದ್ದವು. ಒಂದು ಕೂದಲಿನಷ್ಟೂ ಆಚೀಚೆ ಇರಲಿಲ್ಲ. ಅವಳು ಕಲಿಸಿದ್ದಕ್ಕಿಂತ ಅವನು ಮಾಡಿದ್ದು ಚೆಂದವಿತ್ತು. ಅವನು ಮುಖವನ್ನು ಅವಳ ಕಡೆಗೆ, ಒಂದು ಗೇಣು ಆಚೆಗೆ, ತಿರುಗಿಸಿ ಕಾಯ್ದ. ಕೀಲಿಯ ಮಾತು ಅವಳ ಗಂಟಲಿನವರೆಗೆ ಬಂದಿತ್ತು. ಬಂದದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

"ಮೂರನೇ ಬೆರಳು," ಎಂದಳು. "ಅದನ್ನ ಜಲ್ದಿ ಎತ್ತಿದ್ರಿ."

"ಹಂಗಾ?" ಅವನ ಮುಖ ತಟ್ಟನೆ ತಿಳಿಯಾಯಿತು. "ಮತ್ತ ಎಷ್ಟ ತಡೀಬೇಕ್ರಿ?"

"ಎರಡು ಎಣಸೂತನ."

"ಮೊದಲ ಒಮ್ಮೆ ಹೇಳಿದ್ರೇನು? ಹೇಳಿರಬೇಕು ತಗೋರಿ. ನಾನ ಮರತೀನಿ." ಅವನು ಮತ್ತೆ ಬೆರಳು ಇಳಿಸಿದ. ಎರಡು ಬೆರಳು ಎದ್ದವು; ಮೂರನೆಯದು ತಗಡಿನ ಮೇಲೆ ಒಂಟಿಯಾಗಿ ಉಳಿಯಿತು. "ಒಂದು, ಎರಡು," ಎಂದು ಎಣಿಸಿ ಎತ್ತಿದ. "ಹಿಂಗ್ರಿ?"

"ಹೂಂ. ಹಿಂಗ."

"ಅಷ್ಟ ನೋಡ್ರಿ ಹಂಗಾದ್ರ. ನಾ ಏನೇನೋ ಅನ್ಕೊಂಡಿದ್ದೆ." ಅವನು ನಕ್ಕ, ಮುಂಜಾನೆಯ ಹಾಗೆಯೇ. ಬಸ್ಸು ಮುಳಗುಂದದಲ್ಲಿ ಹೊರಳಿತು, ಮಿರ್ಚಿ ಕರಿಯುವ ವಾಸನೆ ಒಳಗೆ ಬಂತು. ಅವನು ಅದನ್ನು ಗಮನಿಸಲಿಲ್ಲ. ಬೆರಳು ಇಳಿಸುತ್ತಿದ್ದ, ತಡೆಯುತ್ತಿದ್ದ, ಎತ್ತುತ್ತಿದ್ದ. ಒಮ್ಮೆ ಮರೆತು ಮೂರನ್ನೂ ಒಟ್ಟಿಗೆ, ಸರಿಯಾಗಿ, ಎತ್ತಿಬಿಟ್ಟ. ಛೇ ಎಂದು ತನ್ನನ್ನೇ ಗದರಿಕೊಂಡ. "ಮತ್ತ ಜಲ್ದಿ ಆತು. ನೀವೂ ಜೋಡಿ ಎಣಸ್ರಿ ಟೀಚರ, ನನಗ ರೂಢಿ ಆಗೂತನ," ಎಂದ. ಅಮೀರಾ ಪರ್ಸನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡು, ಲಕ್ಷ್ಮೇಶ್ವರ ಬರುವವರೆಗೆ, ಒಂದು, ಎರಡು ಎಂದು ಅವನ ಜೊತೆ ಎಣಿಸಿದಳು.